ಪಾಸ್‌ವರ್ಡ್ ತಪ್ಪು ಎಂದವರು ಯಾರು?

ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಲು ಇಂದೇ ಕೊನೆಯ ದಿನ ಎಂದಿಟ್ಟುಕೊಳ್ಳಿ. ಭಾವಚಿತ್ರ, ಸಹಿ, ಅಂಕಪಟ್ಟಿ ಎಲ್ಲವೂ ಸಿದ್ಧವಾಗಿವೆ. ಮಗಳು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾಳೆ. ಆದರೆ ನಿನ್ನೆಯವರೆಗೆ ಯಾವ ತಂಟೆಯನ್ನೂ ಮಾಡದಿದ್ದ ಮನೆಯ ವೈ-ಫೈ ಇಂದು ಪಾಸ್‌ವರ್ಡ್ ಕೇಳುತ್ತಿದೆ. ಕೊಟ್ಟರೆ ‘ತಪ್ಪು’ ಎನ್ನುತ್ತಿದೆ. ಅಪ್ಪ ಒಮ್ಮೆ ಒತ್ತಿ ನೋಡುತ್ತಾರೆ, ಅಣ್ಣ ಇನ್ನೊಮ್ಮೆ. ‘ಬದಲಾಯಿಸಿದ್ದು ಯಾರು?’ ಎಂಬ ವಿಚಾರಣೆ ಶುರುವಾಗುತ್ತದೆ. ಕೊನೆಗೆ ಯಾರೋ ಒಬ್ಬರು ತಾಳ್ಮೆಗೆಟ್ಟು ರೂಟರಿನ ಹಿಂಬದಿಯ ಸಣ್ಣ ತೂತಿಗೆ ಗುಂಡುಸೂಜಿ ಚುಚ್ಚುತ್ತಾರೆ. ಅಲ್ಲಿಗೆ ಉಳಿದವರ ಸಂಪರ್ಕವೂ ಮುಗಿಯಿತು!

ಇದು ಒಂದು ಮನೆಯ ಕತೆಯಲ್ಲ. ಪಾಠ, ಅರ್ಜಿ, ಫಲಿತಾಂಶ, ಶುಲ್ಕ ಎಲ್ಲವೂ ಅಂತರ್ಜಾಲಕ್ಕೆ ಏರಿರುವಾಗ ಮನೆಯ ವೈ-ಫೈ ಕೈಕೊಡುವುದೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ದೀಪ ಆರಿದಂತೆಯೇ. ಹೀಗಾದಾಗ ಗಾಬರಿಯಾಗದೆ, ಒಂದು ಕ್ರಮದಲ್ಲಿ ದೋಷವನ್ನು ಹುಡುಕುವುದು ಹೇಗೆ? ಅದನ್ನು ತಿಳಿಯಬೇಕಾದರೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ‘ಪಾಸ್‌ವರ್ಡ್ ತಪ್ಪು’ ಎಂದು ಹೇಳಿದವರು ಯಾರು? ರೂಟರೋ, ಫೋನೋ?

ಗುಟ್ಟು ಗಾಳಿಯಲ್ಲಿ ಹಾರುವುದಿಲ್ಲ

ನೀವು ಪಾಸ್‌ವರ್ಡ್ ಒತ್ತಿದಾಗ ಅದು ಗಾಳಿಯಲ್ಲಿ ಹಾರಿ ರೂಟರನ್ನು ಮುಟ್ಟುತ್ತದೆ, ರೂಟರ್ ಅದನ್ನು ತನ್ನ ಕಡತದೊಡನೆ ತಾಳೆ ನೋಡುತ್ತದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ಹಾಗೇನಾದರೂ ಆಗಿದ್ದರೆ ಪಕ್ಕದ ಮನೆಯವರು ತಮ್ಮ ಗಣಕದಲ್ಲಿ ಆ ಅಲೆಗಳನ್ನು ಹಿಡಿದು ನಿಮ್ಮ ಗುಟ್ಟನ್ನು ಓದಿಬಿಡಬಹುದಿತ್ತು. ನಿಜಕ್ಕೂ ಪಾಸ್‌ವರ್ಡ್ ನಿಮ್ಮ ಫೋನಿನಿಂದ ಹೊರಗೆ ಕಾಲಿಡುವುದೇ ಇಲ್ಲ.

ಒಂದು ಸಣ್ಣ ಆಟದಿಂದ ಇದನ್ನು ಅರ್ಥ ಮಾಡಿಕೊಳ್ಳಬಹುದು. ಇಬ್ಬರು ಗೆಳೆಯರ ನಡುವೆ 14 ಎಂಬ ಗುಟ್ಟಿನ ಸಂಖ್ಯೆ ಇದೆ. ಕತ್ತಲಲ್ಲಿ ಬಾಗಿಲು ತಟ್ಟಿದವನು ಗೆಳೆಯನೇ ಹೌದೋ ಅಲ್ಲವೋ ಎಂದು ಒಳಗಿರುವವನಿಗೆ ತಿಳಿಯಬೇಕು. ಆದರೆ ಗುಟ್ಟಿನ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಕೂಡದು. ಒಳಗಿರುವವನು ‘6’ ಎಂದು ಕೂಗುತ್ತಾನೆ. ಹೊರಗಿರುವವನು ತನ್ನದೇ ಒಂದು ಸಂಖ್ಯೆ ಆರಿಸುತ್ತಾನೆ, 9 ಎನ್ನಿ. ಗುಟ್ಟನ್ನು 6ರಿಂದ ಗುಣಿಸಿ, 9 ಕೂಡಿಸಿ, ‘9, ಉತ್ತರ 93’ ಎನ್ನುತ್ತಾನೆ. ಒಳಗಿರುವವನೂ ತನಗೆ ಗೊತ್ತಿರುವ 14ನ್ನು ಇಟ್ಟುಕೊಂಡು ಅದೇ ಲೆಕ್ಕ ಮಾಡುತ್ತಾನೆ. 93 ಬಂತೇ? ಬಂದವನು ಗೆಳೆಯನೇ. ಹೊರಗಿರುವವನು 14ರ ಬದಲು 41 ಎಂದು ತಪ್ಪಾಗಿ ನೆನಪಿಟ್ಟುಕೊಂಡಿದ್ದರೆ ಉತ್ತರ 255 ಆಗುತ್ತಿತ್ತು. ಆಗ ಬಾಗಿಲು ತೆರೆಯುವುದಿಲ್ಲ.

ನಮ್ಮ ಆಟದ ಲೆಕ್ಕವನ್ನು ಆರನೇ ತರಗತಿಯ ಹುಡುಗನೂ ಹಿಂದುಮುಂದಾಗಿ ಮಾಡಿ 14ನ್ನು ಕಂಡುಹಿಡಿದಾನು. ವೈ-ಫೈಯ ಲೆಕ್ಕ ಹಾಗಲ್ಲ. ಅದನ್ನು ಹಿಂದಕ್ಕೆ ಬಿಡಿಸಲು ಬರುವುದಿಲ್ಲ. ಇಂದಿಗೂ ಮನೆಗಳಲ್ಲಿ ಹೆಚ್ಚಾಗಿರುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ನಿಮ್ಮ ಪಾಸ್‌ವರ್ಡನ್ನು ಜಾಲದ ಹೆಸರಿನೊಂದಿಗೆ ಬೆರೆಸಿ 4,096 ಸುತ್ತು ಗಣಿತದಲ್ಲಿ ರುಬ್ಬಿ 256 ಬಿಟ್ ಉದ್ದದ ಕೀಲಿಯೊಂದನ್ನು ತಯಾರಿಸುತ್ತಾರೆ. ಇಲ್ಲಿ ಜಾಲದ ಹೆಸರಿನದು ಉಪ್ಪಿನ ಪಾತ್ರ. ತಂತ್ರಜ್ಞರೂ ಅದನ್ನು ‘ಸಾಲ್ಟ್’ ಎಂದೇ ಕರೆಯುತ್ತಾರೆ. ಫೋನು ತನ್ನ ಪಾಡಿಗೆ ರುಬ್ಬುತ್ತದೆ, ರೂಟರ್ ತನ್ನ ಪಾಡಿಗೆ. ಆಮೇಲೆ ನಾಲ್ಕು ಸಂದೇಶಗಳ ವಿನಿಮಯ ನಡೆಯುತ್ತದೆ. ಮೊದಲನೆಯದರಲ್ಲಿ ರೂಟರ್ ಒಂದು ಸಂಖ್ಯೆಯನ್ನು ಎಸೆಯುತ್ತದೆ. ಎರಡನೆಯದರಲ್ಲಿ ಫೋನು ತನ್ನ ಸಂಖ್ಯೆಯನ್ನೂ ಉತ್ತರವನ್ನೂ ಕಳಿಸುತ್ತದೆ. ಮೂರನೆಯದರಲ್ಲಿ ತನಗೂ ಗುಟ್ಟು ಗೊತ್ತಿದೆ ಎಂದು ರೂಟರ್ ತೋರಿಸಿಕೊಡುತ್ತದೆ. ನಾಲ್ಕನೆಯದು ಒಪ್ಪಿಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ.

ಉತ್ತರ ತಾಳೆಯಾಗದಿದ್ದರೆ? ಇಲ್ಲಿದೆ ಸ್ವಾರಸ್ಯ. ರೂಟರ್ ‘ತಪ್ಪು’ ಎಂದು ಹೇಳುವುದಿಲ್ಲ. ತಾಳೆಯಾಗದ ಉತ್ತರವನ್ನು ಕಸದಬುಟ್ಟಿಗೆ ಹಾಕಿ ಸುಮ್ಮನಿದ್ದುಬಿಡುತ್ತದೆ. ಒಂದೆರಡು ಸಲ ಮತ್ತೆ ಕೇಳಿ, ಹೊತ್ತು ಮೀರಿದ ಮೇಲೆ ಸಂಪರ್ಕ ಕಡಿಯುತ್ತದೆ. ಆಗ ಅದು ಕೊಡುವ ಅಧಿಕೃತ ಕಾರಣ ಸಂಖ್ಯೆ 15. ಅದರ ಅರ್ಥ ‘ನಾಲ್ಕು ಸಂದೇಶಗಳ ವಿನಿಮಯ ಸಮಯಕ್ಕೆ ಮುಗಿಯಲಿಲ್ಲ’ ಎಂದಷ್ಟೆ. ‘ಪಾಸ್‌ವರ್ಡ್ ಸರಿಯಿಲ್ಲ, ಪರಿಶೀಲಿಸಿ’ ಎಂಬುದು ಈ ಮೌನವನ್ನು ಕಂಡು ಫೋನು ಮಾಡುವ ಊಹೆ. ಊಹೆ ಬಹಳ ಸಲ ನಿಜವಿರುತ್ತದೆ. ಆದರೆ ಯಾವಾಗಲೂ ಅಲ್ಲ. ಗೋಡೆಗಳಾಚೆ ಸಂಕೇತ ಕ್ಷೀಣಿಸಿ ಉತ್ತರ ತಲುಪದಿದ್ದರೂ ಅದೇ ಮೌನ. ವಾರಗಟ್ಟಲೆ ಆರಿಸದೆ ಓಡಿದ ರೂಟರ್ ಮಂಕಾಗಿದ್ದರೂ ಅದೇ ಮೌನ. ಆದ್ದರಿಂದ ಫೋನಿನ ಮಾತನ್ನು ತೀರ್ಪು ಎಂದುಕೊಳ್ಳಬೇಡಿ, ದೂರು ಎಂದುಕೊಳ್ಳಿ. ತನಿಖೆ ನಿಮ್ಮದು.

ಒಬ್ಬರಿಗೋ, ಎಲ್ಲರಿಗೋ?

ತನಿಖೆಯ ಮೊದಲ ಪ್ರಶ್ನೆ ಇದು. ಮನೆಯಲ್ಲಿ ಉಳಿದವರ ಫೋನುಗಳಿಗೆ ವೈ-ಫೈ ಸಿಗುತ್ತಿದೆಯೆ? ಸಿಗುತ್ತಿದ್ದರೆ ರೂಟರ್ ಆರೋಗ್ಯವಾಗಿದೆ. ದೋಷವಿರುವುದು ತೊಂದರೆ ಕೊಡುತ್ತಿರುವ ಒಂದು ಸಾಧನದಲ್ಲಿ. ಯಾರಿಗೂ ಸಿಗುತ್ತಿಲ್ಲವಾದರೆ ರೂಟರಿನ ಕಡೆ ನೋಡಬೇಕು. ಇಷ್ಟು ಸಣ್ಣ ಪ್ರಶ್ನೆಯನ್ನು ಕೇಳದೆ ರೂಟರಿಗೆ ಗುಂಡುಸೂಜಿ ಚುಚ್ಚಿದವರು ಬಹಳ ಮಂದಿ ಇದ್ದಾರೆ.

ಎಲ್ಲರಿಗೂ ತೊಂದರೆ ಇದ್ದರೆ ರೂಟರಿನ ವಿದ್ಯುತ್ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಎರಡು ಮೂರು ನಿಮಿಷ ಕಾಯಿರಿ, ದೀಪಗಳು ಸ್ಥಿರವಾಗಲಿ. ಇದರಿಂದ ನಿಮ್ಮ ಯಾವ ವಿವರವೂ ಅಳಿಸುವುದಿಲ್ಲ. ಒಬ್ಬರಿಗೆ ಮಾತ್ರ ತೊಂದರೆಯಿದ್ದರೆ ಆ ಸಾಧನವನ್ನು ರೂಟರ್ ಇರುವ ಕೋಣೆಗೇ ಒಯ್ದು, ಎರಡು ಮಾರು ದೂರದಲ್ಲಿ ನಿಂತು ಪ್ರಯತ್ನಿಸಿ. ಅಲ್ಲಿ ಸಂಪರ್ಕ ಸಿಕ್ಕಿ ಮಹಡಿಯ ಕೋಣೆಯಲ್ಲಿ ‘ಪಾಸ್‌ವರ್ಡ್ ತಪ್ಪು’ ಎಂದರೆ ದೋಷ ಪಾಸ್‌ವರ್ಡಿನದಲ್ಲ, ದೂರದ್ದು.

ಮೂರು ಪಾಸ್‌ವರ್ಡುಗಳ ಗೊಂದಲ

ವೈ-ಫೈ ಇರುವ ಹಲವು ಮನೆಗಳಲ್ಲಿ ಒಂದಲ್ಲ, ಮೂರು ಪಾಸ್‌ವರ್ಡುಗಳಿರುತ್ತವೆ. ಮೊದಲನೆಯದು ಫೋನು, ಲ್ಯಾಪ್‌ಟಾಪುಗಳನ್ನು ಜಾಲಕ್ಕೆ ಸೇರಿಸುವ ವೈ-ಫೈ ಪಾಸ್‌ವರ್ಡ್. ಎರಡನೆಯದು ರೂಟರಿನ ಒಳಗಣ ವ್ಯವಸ್ಥೆಯನ್ನು ಬದಲಿಸಲು ಬೇಕಾದದ್ದು. ಬ್ರೌಸರಿನಲ್ಲಿ 192.168.1.1 ಎಂದೋ ಅಂಥದೇ ಬೇರೊಂದು ವಿಳಾಸವನ್ನೋ ಕೊಟ್ಟಾಗ ಇದನ್ನು ಕೇಳುತ್ತದೆ. ಮೂರನೆಯದು ಅಂತರ್ಜಾಲ ಸೇವೆ ಕೊಡುವ ಕಂಪನಿಯಲ್ಲಿ ನಿಮ್ಮ ಖಾತೆಯ ಪಾಸ್‌ವರ್ಡ್. ಕೆಲವು ಸಂಪರ್ಕಗಳಲ್ಲಿ ಇದನ್ನು ರೂಟರಿನೊಳಗೆ ಒಮ್ಮೆ ತುಂಬಿಸಿಟ್ಟಿರುತ್ತಾರೆ.

ಸಂಪರ್ಕ ಕೊಟ್ಟ ದಿನ ಕಂಪನಿಯ ಹುಡುಗ ಚೀಟಿಯಲ್ಲಿ ಬರೆದುಕೊಟ್ಟು ಹೋದದ್ದು ಇವುಗಳಲ್ಲಿ ಯಾವುದು? ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಮೂರನೆಯದನ್ನು ಮೊದಲನೆಯದರ ಜಾಗದಲ್ಲಿ ಎಷ್ಟು ಸಲ ಒತ್ತಿದರೂ ಬಾಗಿಲು ತೆರೆಯದು. ರೂಟರಿನ ತಳಭಾಗದಲ್ಲಿ ಅಂಟಿಸಿದ ಕಾಗದದಲ್ಲಿ ಸಾಮಾನ್ಯವಾಗಿ ಮೊದಲ ಎರಡೂ ಇರುತ್ತವೆ. ಆದರೆ ಅವು ಕಾರ್ಖಾನೆಯಿಂದ ಹೊರಟಾಗಿನವು. ಮಧ್ಯೆ ಯಾರಾದರೂ ಬದಲಿಸಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಹೆಸರಿನ ಕಡೆಗೂ ಕಣ್ಣು ಹಾಯಿಸಿ. ಒಂದೇ ಕಂಪನಿಯ ರೂಟರ್ ಇರುವ ವಠಾರದಲ್ಲಿ ಜಾಲದ ಹೆಸರುಗಳು ಒಂದೇ ಅಚ್ಚಿನಲ್ಲಿರುತ್ತವೆ. ಕೊನೆಯ ನಾಲ್ಕು ಅಕ್ಷರಗಳಲ್ಲಷ್ಟೇ ವ್ಯತ್ಯಾಸ. ನಿಮ್ಮ ಕೀಲಿಯನ್ನು ಪಕ್ಕದ ಮನೆಯ ಬೀಗಕ್ಕೆ ತಿರುಗಿಸುತ್ತಿರಬಹುದು. ಇನ್ನು ಒಂದೇ ರೂಟರ್ ಎರಡು ಹೆಸರುಗಳಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದು ಹೆಚ್ಚು ದೂರ ತಲುಪುತ್ತದೆ, ಎರಡನೆಯದಕ್ಕೆ ವೇಗ ಹೆಚ್ಚು. ಇವೆರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಲು ಅವಕಾಶವಿದೆ. ಯಾರೋ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟಿದ್ದರೆ ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು!

ಚುಕ್ಕೆಗಳ ಹಿಂದೆ ಅಡಗಿದ ಅಕ್ಷರಗಳು

ಪಾಸ್‌ವರ್ಡ್ ಒತ್ತುವಾಗ ತೆರೆಯ ಮೇಲೆ ಚುಕ್ಕೆಗಳಷ್ಟೇ ಕಾಣುತ್ತವೆ. ಪಕ್ಕದಲ್ಲಿ ಕಣ್ಣಿನ ಚಿತ್ರವೋ ‘ಪಾಸ್‌ವರ್ಡ್ ತೋರಿಸು’ ಎಂಬ ಗುರುತೋ ಇದ್ದರೆ ಅದನ್ನು ಒತ್ತಿ, ಬರೆದದ್ದನ್ನು ಕಣ್ಣಾರೆ ಓದಿ. ಅರ್ಧಕ್ಕರ್ಧ ತೊಂದರೆ ಇಲ್ಲಿಯೇ ಬಗೆಹರಿಯುತ್ತದೆ. ನೋಡಬೇಕಾದವು ಇವು:

ದೊಡ್ಡಕ್ಷರ, ಸಣ್ಣಕ್ಷರ: ವೈ-ಫೈಗೆ ಇಂಗ್ಲಿಷಿನ ದೊಡ್ಡ ‘ಎ’ ಬೇರೆ, ಸಣ್ಣ ‘ಎ’ ಬೇರೆ. ಫೋನುಗಳಿಗೆ ಮೊದಲ ಅಕ್ಷರವನ್ನು ತಾವಾಗಿಯೇ ದೊಡ್ಡದು ಮಾಡುವ ಚಾಳಿಯಿದೆ. ಲ್ಯಾಪ್‌ಟಾಪಿನಲ್ಲಾದರೆ ಕ್ಯಾಪ್ಸ್ ಲಾಕ್ ದೀಪವನ್ನು ನೋಡಿ.

ಅವಳಿ ಅಕ್ಷರಗಳು: ಸೊನ್ನೆ ಮತ್ತು ‘ಓ’ ಅಕ್ಷರ, ಒಂದು ಎಂಬ ಅಂಕಿ, ಸಣ್ಣ ‘ಎಲ್’ ಮತ್ತು ದೊಡ್ಡ ‘ಐ’. ರೂಟರಿನ ತಳದ ಸಣ್ಣ ಅಚ್ಚಿನಲ್ಲಿ ಇವನ್ನು ಬೇರ್ಪಡಿಸುವುದು ಕಷ್ಟ. ಫೋನಿನಲ್ಲಿ ಫೋಟೊ ತೆಗೆದು, ಹಿಗ್ಗಿಸಿ ನೋಡಿ.

ಕಾಣದ ಖಾಲಿ ಜಾಗ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಾಸ್‌ವರ್ಡನ್ನು ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡು ಬರಬಹುದು. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಗಣಕಕ್ಕೆ ಅದೂ ಒಂದು ಅಕ್ಷರ. ಕೊನೆಯ ಅಕ್ಷರದವರೆಗೆ ಅಳಿಸಿ ಮತ್ತೆ ಬರೆಯಿರಿ.

ಕನ್ನಡ ಕೀಲಿಮಣೆ: ಇದು ನಮ್ಮವರಿಗೇ ಮೀಸಲಾದ ತೊಡಕು. ವೈ-ಫೈ ಪಾಸ್‌ವರ್ಡುಗಳು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಲ್ಲಿರುತ್ತವೆ. ಕನ್ನಡ ಅಂಕಿಯ ‘೧’ ಮತ್ತು ‘1’ ನಮಗೆ ಒಂದೇ ಬೆಲೆಯವು. ಗಣಕದ ಪಾಲಿಗೆ ಅವು ಎರಡು ಬೇರೆ ಚಿಹ್ನೆಗಳು. ಗಣಕದಲ್ಲಿ ಕನ್ನಡ ಬರೆಯುವ ತಂತ್ರಾಂಶ ಚಾಲನೆಯಲ್ಲಿದ್ದರೆ ಅದನ್ನು ನಿಲ್ಲಿಸಿ, ಕೀಲಿಮಣೆಯನ್ನು ಇಂಗ್ಲಿಷಿಗೆ ತಂದು ಪ್ರಯತ್ನಿಸಿ.

ಉದ್ದ: ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ ಕನಿಷ್ಠ 8, ಗರಿಷ್ಠ 63 ಅಕ್ಷರಗಳಿರಬೇಕು. ನಿಮ್ಮ ಕೈಯಲ್ಲಿರುವ ಚೀಟಿಯಲ್ಲಿ ಆರೇ ಅಕ್ಷರಗಳಿದ್ದರೆ ಅದು ವೈ-ಫೈ ಪಾಸ್‌ವರ್ಡ್ ಅಲ್ಲವೇ ಅಲ್ಲ. 8 ಅಕ್ಷರ ತುಂಬುವವರೆಗೆ ‘ಸೇರು’ ಗುಂಡಿ ಮಂಕಾಗಿಯೇ ಇರುವುದು ಇದೇ ಕಾರಣಕ್ಕೆ.

ಹಳೆಯ ನೆನಪು ಅಳಿಯಲಿ

ಪಾಸ್‌ವರ್ಡ್ ಸರಿಯಾಗಿದೆ, ಉಳಿದವರಿಗೆ ಕೆಲಸವನ್ನೂ ಮಾಡುತ್ತಿದೆ. ಒಂದು ಫೋನು ಮಾತ್ರ ಹಟ ಹಿಡಿದಿದೆ. ಆಗ ಅದು ಹಳೆಯ ಪಾಸ್‌ವರ್ಡನ್ನು ನೆನಪಿನಲ್ಲಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಬಳಸುತ್ತಿರಬಹುದು. ವೈ-ಫೈ ಪಟ್ಟಿಯಲ್ಲಿ ನಿಮ್ಮ ಜಾಲದ ಹೆಸರನ್ನು ಆರಿಸಿ, ‘ಫರ್ಗೆಟ್’ ಎಂದರೆ ‘ಮರೆತುಬಿಡು’ ಎಂಬ ಆದೇಶ ಕೊಡಿ. ಫೋನನ್ನು ಒಮ್ಮೆ ಆರಿಸಿ ಹಚ್ಚಿ. ಬಳಿಕ ಹೊಸದಾಗಿ ಪಾಸ್‌ವರ್ಡ್ ಕೊಡಿ.

ರೂಟರ್ ಬದಲಾಯಿಸಿದ ಮನೆಗಳಲ್ಲಿ ಈ ತೊಂದರೆ ಹೆಚ್ಚು. ಹೊಸ ರೂಟರಿಗೆ ಹಳೆಯ ಹೆಸರನ್ನೇ ಇಟ್ಟು ಪಾಸ್‌ವರ್ಡ್ ಮಾತ್ರ ಬೇರೆ ಇಟ್ಟರೆ ಮನೆಯ ಎಲ್ಲ ಸಾಧನಗಳೂ ಹಳೆಯ ಗುಟ್ಟನ್ನೇ ಹೇಳುತ್ತ ಬಾಗಿಲಲ್ಲಿ ನಿಲ್ಲುತ್ತವೆ. ಹೆಸರು, ಪಾಸ್‌ವರ್ಡ್ ಎರಡನ್ನೂ ಒಂದಕ್ಷರವೂ ವ್ಯತ್ಯಾಸವಿಲ್ಲದಂತೆ ಹಳೆಯದನ್ನೇ ಇಡಿ; ಸಾಮಾನ್ಯವಾಗಿ ಟಿ.ವಿ.ಯಿಂದ ಹಿಡಿದು ಅಜ್ಜಿಯ ಫೋನಿನವರೆಗೆ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ. ಕೀಲಿಯನ್ನು ರುಬ್ಬುವಾಗ ಹೆಸರೂ ಬೆರೆಯುತ್ತದೆ ಎಂದೆವಲ್ಲ! ಎರಡೂ ಅವೇ ಆದರೆ ಹುಟ್ಟುವ ಕೀಲಿಯೂ ಅದೇ.

ಇನ್ನೊಂದು ಸೂಕ್ಷ್ಮವಿದೆ. ಕೆಲವರು ರೂಟರಿನಲ್ಲಿ ‘ಈ ಸಾಧನಗಳಿಗೆ ಮಾತ್ರ ಪ್ರವೇಶ’ ಎಂಬ ಪಟ್ಟಿ ಮಾಡಿಟ್ಟಿರುತ್ತಾರೆ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನುಗಳು ತಮ್ಮ ನಿಜವಾದ ಯಂತ್ರ ವಿಳಾಸವನ್ನು ಮರೆಮಾಚಿ ಪ್ರತಿ ಜಾಲಕ್ಕೂ ಬೇರೊಂದು ವಿಳಾಸ ಹೇಳುತ್ತವೆ. ಆ ವಿಳಾಸ ಪಟ್ಟಿಯಲ್ಲಿರುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ರೂಟರ್ ಒಳಗೆ ಬಿಡುವುದಿಲ್ಲ.

ಹಳೆಯ ಯಂತ್ರ, ಹೊಸ ಬೀಗ

ವೈ-ಫೈಯ ಮೊದಲ ಬೀಗ ವೆಪ್. ಅದು 1997ರ ಮಾನಕದಲ್ಲೇ ಇತ್ತು. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಅದರ ಬುಡವೇ ಸಡಿಲವೆಂದು ತೋರಿಸಿದರು. 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು.

ಹೊಸ ರೂಟರನ್ನು ಡಬ್ಲ್ಯುಪಿಎ3ಕ್ಕೆ ಮಾತ್ರ ಹೊಂದಿಸಿಟ್ಟರೆ ಹಳೆಯ ಲ್ಯಾಪ್‌ಟಾಪಿಗೆ ಆ ಬೀಗದ ಪರಿಚಯವೇ ಇರುವುದಿಲ್ಲ. ಅದು ‘ಸೇರಲಾಗುತ್ತಿಲ್ಲ’ ಎನ್ನುತ್ತದೆ. ಮನೆಯವರು ಪಾಸ್‌ವರ್ಡನ್ನು ದೂರುತ್ತಾರೆ. ರೂಟರಿನ ಭದ್ರತೆಯ ಪುಟದಲ್ಲಿ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಎಂಬ ಮಿಶ್ರ ಆಯ್ಕೆ ಇದ್ದರೆ ಅದನ್ನು ಆರಿಸಿ. ಹಳೆಯದಕ್ಕೂ ಹೊಸದಕ್ಕೂ ದಾರಿಯಾಗುತ್ತದೆ. ವೆಪ್ ಕಡೆಗೆ ಮಾತ್ರ ಇಳಿಯಬೇಡಿ.

‘ಸಂಪರ್ಕವಾಗಿದೆ, ಆದರೆ ಅಂತರ್ಜಾಲ ಇಲ್ಲ’ ಎಂದು ಫೋನು ಹೇಳಿದರೆ ಪಾಸ್‌ವರ್ಡಿನ ಚಿಂತೆಯನ್ನು ಅಲ್ಲಿಗೇ ಬಿಡಿ. ಬಾಗಿಲು ತೆರೆದಿದೆ, ತೊಂದರೆಯಿರುವುದು ರೂಟರಿನಿಂದಾಚೆಗಿನ ತಂತಿಯಲ್ಲಿ ಅಥವಾ ಕಂಪನಿಯ ಕಡೆ.

ಮರೆತೇಹೋಗಿದ್ದರೆ?

ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಆದರೆ ಒಂದು ಫೋನು ಜಾಲದಲ್ಲಿದೆ ಎನ್ನಿ. ಆಗ ಆ ಫೋನನ್ನೇ ಕೇಳಿ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಫೋನಿನಲ್ಲಿ ವೈ-ಫೈ ವಿವರದೊಳಗೆ ‘ಶೇರ್’ ಒತ್ತಿದರೆ ಕ್ಯುಆರ್ ಚೌಕ ಮೂಡುತ್ತದೆ. ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಏನನ್ನೂ ಒತ್ತದೆಯೇ ಸೇರಿಕೊಳ್ಳಬಹುದು. ಹಲವು ಫೋನುಗಳಲ್ಲಿ ಆ ಚೌಕದ ಕೆಳಗೆ ಪಾಸ್‌ವರ್ಡೂ ಕಾಣುತ್ತದೆ. 2022ರಲ್ಲಿ ಬಂದ ಐಓಎಸ್ 16ರಿಂದೀಚೆಗೆ ಐಫೋನೂ ಉಳಿಸಿಟ್ಟ ಪಾಸ್‌ವರ್ಡನ್ನು ತೋರಿಸುತ್ತದೆ. ವಿಂಡೋಸ್ ಗಣಕದಲ್ಲಿ ಜಾಲದ ಗುಣಲಕ್ಷಣಗಳ ‘ಸೆಕ್ಯುರಿಟಿ’ ಪುಟದಲ್ಲಿ ಅಕ್ಷರಗಳನ್ನು ತೋರಿಸುವ ಗುರುತು ಇದೆ. ಇಲ್ಲವೇ ರೂಟರಿಗೆ ತಂತಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಅದರ ಒಳಪುಟಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಇಡಬಹುದು.

ಗುಂಡುಸೂಜಿಯ ಸರದಿ ಎಲ್ಲಕ್ಕಿಂತ ಕೊನೆಗೆ. ಆ ಸಣ್ಣ ತೂತಿನ ‘ರೀಸೆಟ್’ ಗುಂಡಿಯನ್ನು ಒತ್ತಿ ಹಿಡಿದರೆ ರೂಟರ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ವೈ-ಫೈ ಹೆಸರು, ಪಾಸ್‌ವರ್ಡುಗಳ ಜೊತೆಗೆ ನಾವು ಹೇಳಿದ ಮೂರನೆಯ ಪಾಸ್‌ವರ್ಡೂ, ಅಂದರೆ ಕಂಪನಿಯ ಖಾತೆಯ ವಿವರವೂ ಅಳಿಸಿಹೋಗಬಹುದು. ಅದು ನಿಮ್ಮಲ್ಲಿ ಬರೆದಿಟ್ಟಿಲ್ಲವಾದರೆ ಕಂಪನಿಯವರು ಬರುವವರೆಗೆ ಮನೆಗೆ ಅಂತರ್ಜಾಲವಿಲ್ಲ. ಅರ್ಜಿಯ ಕೊನೆಯ ದಿನ ಇಂಥ ಸಾಹಸ ಬೇಡ. ಅಂದಿನ ಮಟ್ಟಿಗೆ ಫೋನಿನ ಹಾಟ್‌ಸ್ಪಾಟಿನಲ್ಲಿ ಅರ್ಜಿ ಮುಗಿಸಿ, ರೂಟರಿನ ರಿಪೇರಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಬೀಗವನ್ನೇ ಕಿತ್ತೆಸೆಯಬೇಡಿ

‘ಈ ರಗಳೆಯೇ ಬೇಡ, ಪಾಸ್‌ವರ್ಡ್ ತೆಗೆದುಬಿಡೋಣ’ ಎನ್ನುವವರಿದ್ದಾರೆ. ಅಕ್ಕಪಕ್ಕದವರು ಒಂದಿಷ್ಟು ಬಳಸಿದರೆ ನಷ್ಟವೇನು ಎಂಬುದು ಅವರ ವಾದ. ನಷ್ಟ ಹಣದ್ದಷ್ಟೇ ಅಲ್ಲ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಹೊಣೆ ಹೊತ್ತುಕೊಂಡ ಇ-ಮೇಲ್ ಒಂದು ಮಾಧ್ಯಮಗಳಿಗೆ ಬಂದಿತ್ತು. ಅದರ ಜಾಡು ಹಿಡಿದು ತನಿಖೆಗಾರರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ವೈ-ಫೈ ಸಂಪರ್ಕವನ್ನು ಬೇರೆ ಯಾರೋ ಕದ್ದು ಬಳಸಿದ್ದರು. ತಾನು ಮಾಡದ ಕೃತ್ಯಕ್ಕಾಗಿ ಅವರು ವಿಚಾರಣೆ ಎದುರಿಸಬೇಕಾಯಿತು. ಹೊರಜಗತ್ತಿಗೆ ಕಾಣುವುದು ನಿಮ್ಮ ಸಂಪರ್ಕದ ವಿಳಾಸ ಮಾತ್ರ. ಅದರ ಹಿಂದೆ ಕುಳಿತವರು ಮನೆಯವರೋ ಬೀದಿಯವರೋ ಎಂಬುದಲ್ಲ. ಪಾಸ್‌ವರ್ಡ್ ಕಾಯುವುದು ಡೇಟಾವನ್ನಷ್ಟೇ ಅಲ್ಲ, ನಿಮ್ಮ ಹೆಸರನ್ನೂ.

ಬೀಗ ಇದ್ದರೂ ಅದು ದುರ್ಬಲವಾಗಿರಬಾರದು. ವೈ-ಫೈಯ ಲೆಕ್ಕವನ್ನು ಹಿಂದಕ್ಕೆ ಬಿಡಿಸಲಾಗದು ಎಂದೆವು. ಆದರೆ ಗಾಳಿಯಲ್ಲಿ ಹೋಗುವ ಸಂದೇಶಗಳನ್ನು ಒಮ್ಮೆ ಹಿಡಿದಿಟ್ಟುಕೊಂಡವನು ಮನೆಯಲ್ಲಿ ಕುಳಿತು ಒಂದೊಂದೇ ಪಾಸ್‌ವರ್ಡನ್ನು ಊಹಿಸಿ, ತಾನೂ ರುಬ್ಬಿ, ಉತ್ತರ ತಾಳೆಯಾಗುತ್ತದೆಯೇ ಎಂದು ನೋಡಬಹುದು. 2021ರಲ್ಲಿ ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕ ಈಡೊ ಹೂರ್ವಿಚ್ ಇಸ್ರೇಲಿನ ಟೆಲ್ ಅವೀವ್ ನಗರದಲ್ಲಿ ಸುತ್ತಾಡಿ 5,000 ವೈ-ಫೈ ಜಾಲಗಳ ಇಂಥ ಸಂಕೇತಗಳನ್ನು ಸಂಗ್ರಹಿಸಿದರು. ಶೇಕಡಾ 70ಕ್ಕೂ ಹೆಚ್ಚು ಜಾಲಗಳ ಪಾಸ್‌ವರ್ಡ್ ಅವರಿಗೆ ಸಿಕ್ಕಿತು. ಕಾರಣ? ಅಲ್ಲಿನ ಬಹಳಷ್ಟು ಮಂದಿ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು.

ನಮ್ಮಲ್ಲೂ ಆ ರೂಢಿಯಿದೆ. ಲೆಕ್ಕ ಹಾಕಿ ನೋಡೋಣ. ನಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಉಳಿದ ಒಂಬತ್ತು ಅಂಕಿ ಏನು ಬೇಕಾದರೂ ಆಗಬಹುದು. ಒಟ್ಟು 400 ಕೋಟಿ ಸಾಧ್ಯತೆಗಳು. ದೊಡ್ಡದಾಗಿ ಕಂಡಿತೆ? ಆಟಗಳಿಗಾಗಿ ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಊಹೆಗಳನ್ನು ರುಬ್ಬಿ ನೋಡಬಲ್ಲದು. ಅಂದರೆ 4,000 ಸೆಕೆಂಡು. ಒಂದು ಗಂಟೆ ಏಳು ನಿಮಿಷದೊಳಗೆ ಯಾವ ಮೊಬೈಲ್ ಸಂಖ್ಯೆಯಾದರೂ ಸಿಕ್ಕಿಬೀಳುತ್ತದೆ. ಅದೇ ಕಾರ್ಡಿಗೆ, ಯಾವ ಅರ್ಥವೂ ಇಲ್ಲದಂತೆ ಜೋಡಿಸಿದ 12 ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ಕೊಟ್ಟರೆ ಎಲ್ಲ ಸಾಧ್ಯತೆಗಳನ್ನೂ ಮುಗಿಸಲು ಸುಮಾರು 3,000 ವರ್ಷ ಬೇಕು. ಲೆಕ್ಕ ಪ್ರಿಯರಾದ ವಿದ್ಯಾರ್ಥಿಗಳು 26ನ್ನು ಹನ್ನೆರಡು ಸಲ ಗುಣಿಸಿ ತಾಳೆ ನೋಡಬಹುದು.

ಅರ್ಥವಿಲ್ಲದ ಹನ್ನೆರಡು ಅಕ್ಷರ ಯಾರ ನೆನಪಿನಲ್ಲಿ ಉಳಿದೀತು? ಅದಕ್ಕೊಂದು ಸುಲಭ ಉಪಾಯವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಆರಿಸಿ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೇರಿಸಿ ಬರೆಯಿರಿ. ಹಲಸು, ಗರಗಸ, ಬಿದಿರು, ನವಿಲು, ಕೊಡಲಿ ಎಂಬಂತೆ. ಆದರೆ ಪದ ಆರಿಸುವಾಗ ಒಂದು ಎಚ್ಚರಿಕೆ. ‘ಜೋಕಾಲಿ’ಯಂಥ ಪದವನ್ನು ಇಂಗ್ಲಿಷಿನಲ್ಲಿ ಅಪ್ಪ ಒಂದು ರೀತಿ ಬರೆದರೆ ಮಗ ಇನ್ನೊಂದು ರೀತಿ ಬರೆಯುತ್ತಾನೆ. ದೀರ್ಘಕ್ಕೆ ಎರಡು ‘ಎ’ ಹಾಕಬೇಕೋ ಒಂದೋ ಎಂಬ ಜಗಳದಲ್ಲಿ ಮತ್ತೆ ‘ಪಾಸ್‌ವರ್ಡ್ ತಪ್ಪು’! ದೀರ್ಘವಾಗಲಿ ಒತ್ತಕ್ಷರವಾಗಲಿ ಮಹಾಪ್ರಾಣವಾಗಲಿ ಇಲ್ಲದ ಪದಗಳನ್ನೇ ಆರಿಸಿದರೆ ಈ ತಕರಾರು ಏಳುವುದಿಲ್ಲ. ಇಲ್ಲಿ ಅಚ್ಚಾದ ಐದು ಪದಗಳನ್ನೇ ಇಟ್ಟುಕೊಳ್ಳಬೇಡಿ. ಅವನ್ನು ಸಾವಿರಾರು ಜನ ಓದಿದ್ದಾರೆ.

ಹೆತ್ತವರಿಗೆ, ಮಕ್ಕಳಿಗೆ

ಮಗ ರಾತ್ರಿಯಿಡೀ ಆಟವಾಡುತ್ತಾನೆಂದು ಪಾಸ್‌ವರ್ಡನ್ನೇ ಬದಲಾಯಿಸಿ ಗುಟ್ಟಾಗಿಡುವ ಹೆತ್ತವರಿದ್ದಾರೆ. ಅವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಈ ಶಿಕ್ಷೆ ತಪ್ಪಿತಸ್ಥನಿಗಷ್ಟೇ ತಗಲುವುದಿಲ್ಲ. ಮಗಳ ಪಾಠ, ತಾಯಿಯ ಕಚೇರಿ ಕೆಲಸ, ಬಾಗಿಲಿನ ಕ್ಯಾಮೆರಾ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಹುಡುಗನೋ, ಪಕ್ಕದ ಮನೆಯ ಗೆಳೆಯನ ಪಾಸ್‌ವರ್ಡ್ ಕೇಳಿ ತಂದಿರುತ್ತಾನೆ! ಬಹುಪಾಲು ರೂಟರುಗಳಲ್ಲಿ ‘ಪೇರೆಂಟಲ್ ಕಂಟ್ರೋಲ್’ ಎಂಬ ಪುಟವಿದೆ. ಯಾವ ಸಾಧನಕ್ಕೆ ಯಾವ ಹೊತ್ತಿನಲ್ಲಿ ಸಂಪರ್ಕ ಬೇಡ ಎಂದು ಅಲ್ಲಿ ಗೊತ್ತುಪಡಿಸಬಹುದು. ಆ ಹೊತ್ತನ್ನು ಮಕ್ಕಳೊಡನೆ ಕುಳಿತೇ ನಿಗದಿ ಮಾಡಿ. ಗುಟ್ಟಾಗಿ ಹಾಕಿದ ಬೀಗವನ್ನು ಮುರಿಯುವುದರಲ್ಲಿ ಮಕ್ಕಳಿಗೆ ಇರುವ ಉತ್ಸಾಹ ಒಪ್ಪಿ ಹಾಕಿದ ಬೀಗದ ಮೇಲೆ ಇರುವುದಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಮನೆಯ ಪಾಸ್‌ವರ್ಡನ್ನು ಗೆಳೆಯರ ಗುಂಪಿನಲ್ಲಿ ಹಂಚಬೇಡಿ. ಬಂದವರಿಗೆ ಕೊಡಲೇಬೇಕಾದರೆ ರೂಟರಿನಲ್ಲಿ ‘ಗೆಸ್ಟ್’ ಜಾಲ ತೆರೆದು ಅದರ ಪಾಸ್‌ವರ್ಡ್ ಕೊಡಿ. ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ.

ಇಷ್ಟೆಲ್ಲ ಆದ ಮೇಲೆ ಒಂದು ಹಳೆಯ ಸಾಧನಕ್ಕೆ ಮರಳಬೇಕು: ನೋಟುಪುಸ್ತಕ. ಪಾಸ್‌ವರ್ಡನ್ನು ಬರೆದಿಡಲೇಬಾರದು ಎಂಬ ಮಾತು ಕಚೇರಿಗೆ ಸರಿ. ಮನೆಯ ವೈ-ಫೈಗೆ ಅಷ್ಟು ಬಿಗಿ ಬೇಕಿಲ್ಲ. ದೂರದ ಊರಿನ ಕಳ್ಳನಿಗೆ ನಿಮ್ಮ ಬೀರುವಿನೊಳಗಿನ ಪುಸ್ತಕ ಕಾಣುವುದಿಲ್ಲ. ರೇಷನ್ ಕಾರ್ಡು, ಗ್ಯಾಸ್ ಪುಸ್ತಕ ಇಡುವ ಜಾಗದಲ್ಲೇ ಒಂದು ಪುಟದಲ್ಲಿ ಜಾಲದ ಹೆಸರು, ಮೂರೂ ಪಾಸ್‌ವರ್ಡುಗಳು, ಬದಲಾಯಿಸಿದ ದಿನಾಂಕ ಹಾಗೂ ಕಂಪನಿಯ ದೂರವಾಣಿ ಸಂಖ್ಯೆ ಬರೆದಿಡಿ. ಸೊನ್ನೆಯ ಹೊಟ್ಟೆಯಲ್ಲಿ ಅಡ್ಡಗೆರೆ ಎಳೆದು ಬರೆಯಿರಿ, ‘ಓ’ ಎಂದು ಯಾರೂ ಓದದ ಹಾಗೆ. ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಆ ಪುಟ ತುಂಬಿಸಿ. ಮನೆಯಲ್ಲಿ ಎಲ್ಲರಿಗೂ ಅದು ಎಲ್ಲಿದೆ ಎಂದು ತಿಳಿದಿರಲಿ.